ಕಾಣಲಿಲ್ಲ ಎಂದರೆ ಇಲ್ಲ ಎಂದೇ?

ಬಾಯಿಯ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಗೊತ್ತಾದ ಮೇಲೆ ಶಸ್ತ್ರವೈದ್ಯರು ಹುಣ್ಣನ್ನಷ್ಟೇ ನೋಡಿ ಬಿಡುವುದಿಲ್ಲ, ರೋಗಿಯ ಕತ್ತನ್ನೂ ಮುಟ್ಟಿ ನೋಡುತ್ತಾರೆ. ದವಡೆಯ ಅಡಿಯಲ್ಲಿ, ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಓರೆಯಾಗಿ ಇಳಿಯುವ ಸ್ನಾಯುವಿನ ಅಂಚಿನಲ್ಲಿ, ಕೊರಳೆಲುಬಿನ ಮೇಲ್ಭಾಗದಲ್ಲಿ ಗಂಟುಗಳೇನಾದರೂ ಇವೆಯೇ ಎಂದು ಹುಡುಕುತ್ತಾರೆ. ಆಮೇಲೆ ಸ್ಕ್ಯಾನ್ ಮಾಡಿಸುತ್ತಾರೆ. ಬೆರಳಿಗೂ ಸಿಗದೆ ಸ್ಕ್ಯಾನಿನಲ್ಲೂ ಕಾಣದೆ ಹೋದರೆ ಕಡತದಲ್ಲಿ ‘ಎನ್ ಝೀರೋ’ ಎಂದು ಬರೆಯುತ್ತಾರೆ. ಗ್ರಂಥಿಗಳಿಗೆ ರೋಗ ಹಬ್ಬಿಲ್ಲ ಎಂದು ಓದಿಕೊಂಡು ಮನೆಯವರು ನಿರಾಳರಾಗುತ್ತಾರೆ. ಆದರೆ ಆ ಸೊನ್ನೆ ಯಾವುದರ ಬಗ್ಗೆ ಆಡಿದ ಮಾತು? ಕತ್ತಿನೊಳಗಿನ ಸ್ಥಿತಿಯ ಬಗ್ಗೆಯೋ, ಕತ್ತನ್ನು ನೋಡಿದ ಬೆರಳು ಮತ್ತು ಯಂತ್ರಗಳ ಬಗ್ಗೆಯೋ? ‘ಕಾಣಲಿಲ್ಲ’ ಎಂಬಲ್ಲಿಂದ ‘ಇಲ್ಲ’ ಎಂಬಲ್ಲಿಗೆ ದಾಟುವ ಅಧಿಕಾರ ನಮಗೆ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಹಿಡಿದು ಭಾರತೀಯ ದರ್ಶನಗಳು ಶತಮಾನಗಳ ಕಾಲ ಜಗಳವಾಡಿವೆ. ಆ ಜಗಳದಿಂದ ಹೊಮ್ಮಿದ ಒಂದು ನಿಯಮ ಇಂದಿನ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಆಸ್ಪತ್ರೆಯ ಅನುಭವ ಆ ನಿಯಮಕ್ಕೆ ಒಂದು ತಿದ್ದುಪಡಿಯನ್ನೂ ಕೇಳುತ್ತದೆ. ಇದು ಈ ಬರಹದ ವಾದ.

ಮೊದಲು ವಿಷಯದ ತೂಕ ಗೊತ್ತಾಗಬೇಕು. ನಮ್ಮ ದೇಶದ ಗಂಡಸರಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳ ಪೈಕಿ ಬಾಯಿಯದೇ ಮುಂದು. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಅದರ ದೊಡ್ಡ ಕಾರಣಗಳು. ಮೈಯಲ್ಲಿರುವ ದುಗ್ಧರಸ ಗ್ರಂಥಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಕತ್ತಿನಲ್ಲೇ ಇವೆ. ಬಾಯಿ, ನಾಲಗೆ, ಗಂಟಲುಗಳಿಂದ ಬಸಿಯುವ ದುಗ್ಧರಸ ಮೊದಲು ಸೇರುವುದು ಅಲ್ಲಿಗೆ. ಮೂಲದ ಗಡ್ಡೆಯಿಂದ ಕಳಚಿಕೊಂಡ ಕ್ಯಾನ್ಸರ್ ಕೋಶಗಳು ಮೊದಲು ತಂಗುವುದೂ ಬಹುಮಟ್ಟಿಗೆ ಅಲ್ಲೇ. ಒಂದೇ ಒಂದು ಗ್ರಂಥಿಗೆ ಹಬ್ಬಿದರೂ ರೋಗಿ ಬದುಕುಳಿಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ವೈದ್ಯರ ಹಳೆಯ ಲೆಕ್ಕ. ಹಾಗಾಗಿ ಗ್ರಂಥಿಗೆ ರೋಗ ಹಬ್ಬಿದೆಯೇ ಎಂಬ ಪ್ರಶ್ನೆಯ ಮೇಲೆ ಚಿಕಿತ್ಸೆಯೆಲ್ಲ ನಿಂತಿದೆ. ಅದನ್ನು ಪತ್ತೆಮಾಡುವ ಸಾಧನಗಳಿಗೆ ಅವುಗಳದೇ ಮಿತಿಗಳಿವೆ. ಬೆರಳಿಗೆ ಸಿಗಬೇಕಾದರೆ ಗ್ರಂಥಿ ಒಂದು ಸೆಂಟಿಮೀಟರಿನ ಆಸುಪಾಸಿಗೆ ಬೆಳೆದಿರಬೇಕು, ಆಳದಲ್ಲಿದ್ದರೆ ಇನ್ನೂ ಹೆಚ್ಚು. ಸಿಟಿ ಮತ್ತು ಎಂಆರ್‌ಐ ಚಿತ್ರಗಳಲ್ಲಿ ಗ್ರಂಥಿಯ ಅಡ್ಡಳತೆ 10 ಮಿಲಿಮೀಟರಿನ ಸುತ್ತಮುತ್ತ ಇದ್ದರೆ ಅನುಮಾನಿಸುವುದು ರೂಢಿ; ನಡುವೆ ಕೊಳೆತಂತೆ ಕಂಡರೆ, ದುಂಡಗಾಗಿದ್ದರೆ, ಅಂಚು ಒಡೆದಿದ್ದರೆ ಗಾತ್ರ ಚಿಕ್ಕದಿದ್ದರೂ ಅನುಮಾನ ಬಲಿಯುತ್ತದೆ. ಅಲ್ಟ್ರಾಸೌಂಡ್ ನೋಡುತ್ತ ಸೂಜಿ ಚುಚ್ಚಿ ಕೋಶಗಳನ್ನು ತೆಗೆದು ಪರೀಕ್ಷಿಸುವುದು ಇನ್ನಷ್ಟು ನಿಖರ. ಆದರೆ ರೋಗಶಾಸ್ತ್ರಜ್ಞರು ಸೂಕ್ಷ್ಮ ಹಬ್ಬುವಿಕೆ ಎಂದು ಕರೆಯುವ ತುಣುಕಿನ ಅಳತೆ 2 ಮಿಲಿಮೀಟರಿನ ಒಳಗೆ. ಅಷ್ಟರಲ್ಲೇ ಲಕ್ಷಗಟ್ಟಲೆ ಕೋಶಗಳಿರಬಹುದು. ಸಾಮಾನ್ಯ ಗಾತ್ರದ ಗ್ರಂಥಿಯೊಳಗೆ ಅವು ಕೂತಿದ್ದರೆ ಬೆರಳಿಗಾಗಲಿ ಸ್ಕ್ಯಾನಿಗಾಗಲಿ ಯಾವ ಸುಳಿವೂ ಸಿಗುವುದಿಲ್ಲ.

ಇಲ್ಲದಿರುವುದು ನಮಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಹಿಂದಿನ ತಾರ್ಕಿಕರು ನೆಲದ ಮೇಲೆ ಇಲ್ಲದ ಗಡಿಗೆಯ ಉದಾಹರಣೆಯಿಂದ ಚರ್ಚಿಸಿದರು. ಕುಮಾರಿಲ ಭಟ್ಟನ ಮೀಮಾಂಸಾ ಪರಂಪರೆ ಮತ್ತು ಅದನ್ನು ಅನುಸರಿಸಿದ ಅದ್ವೈತಿಗಳು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಒಂದು ಸ್ವತಂತ್ರ ಪ್ರಮಾಣ ಎಂದರು. ನೈಯಾಯಿಕರು ಒಪ್ಪಲಿಲ್ಲ, ಗಡಿಗೆ ಇಲ್ಲದಿರುವುದು ಕಣ್ಣಿಗೇ ಗೋಚರಿಸುತ್ತದೆ, ಬೇರೆ ಪ್ರಮಾಣ ಯಾಕೆ ಎಂದರು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅದನ್ನು ಅನುಮಾನದ ಒಂದು ಬಗೆಯಾಗಿ ಎಣಿಸಿದ. ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣ ಸಾಕು, ಅನುಪಲಬ್ಧಿ ಅವುಗಳಲ್ಲೇ ಅಡಗುತ್ತದೆ ಎಂದು ತೀರ್ಮಾನಿಸಿದರು. ಹೆಸರಿನ ಬಗ್ಗೆ ಇಷ್ಟು ಭಿನ್ನಮತ ಇದ್ದರೂ ಒಂದು ಷರತ್ತನ್ನು ಮಾತ್ರ ಈ ಚರ್ಚೆಯ ಹಲವು ಪಕ್ಷಗಳು ಒಪ್ಪಿಕೊಂಡವು. ಕಾಣದಿರುವಿಕೆಯಿಂದ ಇಲ್ಲದಿರುವಿಕೆ ಸಿದ್ಧವಾಗಬೇಕಾದರೆ ಆ ವಸ್ತು ಕಾಣಲು ಯೋಗ್ಯವಾಗಿರಬೇಕು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂದು ಹೇಳುವಂತಿರಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ತಿಳಿದಂತಾಗಲಿಲ್ಲ. ಸ್ವಭಾವದಿಂದಲೇ ಕಾಣದ ವಸ್ತುವಿಗೆ ಧರ್ಮಕೀರ್ತಿ ಪಿಶಾಚಿಯ ಉದಾಹರಣೆ ಕೊಡುತ್ತಾನೆ. ಅಂಥದ್ದು ಕಾಣದಿದ್ದಾಗ ನಮಗೆ ಉಳಿಯುವುದು ಸಂಶಯ ಮಾತ್ರ, ನಿಶ್ಚಯ ಸಿಗದು. ಈ ಷರತ್ತಿನ ಹೆಸರು ಯೋಗ್ಯಾನುಪಲಬ್ಧಿ.

ಈ ಷರತ್ತನ್ನು ಕತ್ತಿಗೆ ಅನ್ವಯಿಸಲು ಹೊರಗಿನ ಸಹಾಯ ಬೇಕಿಲ್ಲ, ವೈದ್ಯಗ್ರಂಥವೇ ಮುಂದೆ ಬರುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಪರಲೋಕದ ಚರ್ಚೆ ನಡೆಯುತ್ತದೆ. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುತ್ತೇವೆ ಎನ್ನುವವರಿಗೆ ಉತ್ತರವಾಗಿ, ಇರುವ ವಸ್ತುವೂ ಕಾಣದೆ ಹೋಗಲು ಎಂಟು ಕಾರಣಗಳನ್ನು ಗ್ರಂಥಕಾರ ಪಟ್ಟಿಮಾಡುತ್ತಾನೆ: ತೀರ ಹತ್ತಿರವಿರುವುದು, ತೀರ ದೂರವಿರುವುದು, ಮರೆಯಾಗಿರುವುದು, ಇಂದ್ರಿಯದ ಬಲ ಸಾಲದಿರುವುದು, ಮನಸ್ಸು ನೆಲೆನಿಲ್ಲದಿರುವುದು, ತನ್ನಂಥವುಗಳ ನಡುವೆ ಬೆರೆತುಹೋಗುವುದು, ಬಲವಾದ ಇನ್ನೊಂದರಿಂದ ಮುಚ್ಚಿಹೋಗುವುದು, ಅತಿ ಸೂಕ್ಷ್ಮವಾಗಿರುವುದು. ಸಾಂಖ್ಯಕಾರಿಕೆಯಲ್ಲೂ ಇಂಥದೇ ಪಟ್ಟಿ ಇದೆ. ಕತ್ತಿನ ಪರೀಕ್ಷೆ ತಪ್ಪುವ ಬಗೆಗಳನ್ನು ಇಂದಿನ ವೈದ್ಯರು ಬರೆದರೆ ಹೆಚ್ಚುಕಡಿಮೆ ಇದೇ ಪಟ್ಟಿ ಆಗುತ್ತದೆ. ಗಂಟಲಿನ ಹಿಂಗೋಡೆಯ ಆಚೆಗಿನ ಗ್ರಂಥಿಗಳನ್ನು ಬೆರಳು ಮುಟ್ಟಲಾರದು. ದಪ್ಪ ಕತ್ತಿನವರಲ್ಲಿ ಸ್ನಾಯುವಿನ ಕೆಳಗಿನವೂ ಮರೆಯಾಗುತ್ತವೆ. ಹಲ್ಲು ಹುಳುಕಾದವರಲ್ಲಿ, ಹೊಗೆಸೊಪ್ಪು ಜಗಿದು ಬಾಯಿ ಸದಾ ಕೆರಳಿರುವವರಲ್ಲಿ ಗ್ರಂಥಿಗಳು ಕ್ಯಾನ್ಸರಿಲ್ಲದೆಯೂ ಊದಿಕೊಂಡಿರುತ್ತವೆ. ಊದಿದ ಹತ್ತರ ನಡುವೆ ರೋಗ ಹೊಕ್ಕ ಒಂದು ಬೆರೆತುಹೋಗುತ್ತದೆ. ನಾಲಗೆಯ ಕೆಳಗಿನ ಗಡ್ಡೆಯ ಸುತ್ತ ವಿಕಿರಣ ಸೂಸುವ ದ್ರವವನ್ನು ಚುಚ್ಚಿ ಗ್ರಂಥಿಗಳನ್ನು ಹುಡುಕುವಾಗ, ಚುಚ್ಚಿದ ಜಾಗದ ಪ್ರಖರತೆಯೇ ಪಕ್ಕದ ದವಡೆಯಡಿಯ ಗ್ರಂಥಿಯನ್ನು ಅಡಗಿಸಿಬಿಡುತ್ತದೆ. ಇನ್ನು ಎಂಟನೆಯ ಕಾರಣವಾದ ಅತಿ ಸೂಕ್ಷ್ಮತೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಹೀಗಿರುವಾಗ ‘ಎನ್ ಝೀರೋ’ ಎಂಬುದು ಯೋಗ್ಯಾನುಪಲಬ್ಧಿಯ ಷರತ್ತನ್ನು ಅರ್ಧ ಮಾತ್ರ ಪೂರೈಸುತ್ತದೆ. ದೊಡ್ಡ ಗಂಟು ಇಲ್ಲ ಎಂಬುದು ಅದರಿಂದ ಸಿದ್ಧವಾಗುತ್ತದೆ. ಚಿಕ್ಕದು ಇಲ್ಲ ಎಂಬುದು ಸಿದ್ಧವಾಗುವುದಿಲ್ಲ.

ಇದು ಬರಿಯ ತರ್ಕದ ಕಸರತ್ತು ಎನ್ನುವವರಿಗೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನವೊಂದು ಉತ್ತರ ಕೊಡುತ್ತದೆ. 2004ರಿಂದ 2014ರವರೆಗೆ ಅಲ್ಲಿ, ಬಾಯಿಯ ಕ್ಯಾನ್ಸರ್ ಇನ್ನೂ ಆರಂಭದ ಹಂತದಲ್ಲಿದ್ದು ಕತ್ತಿನಲ್ಲಿ ಏನೂ ಕಾಣದಿದ್ದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಗಡ್ಡೆಯ ಜೊತೆಗೆ ಕತ್ತಿನ ಗ್ರಂಥಿಗಳನ್ನೂ ಆಗಲೇ ತೆಗೆದರು. ಇನ್ನೊಂದು ಗುಂಪಿಗೆ ಗಡ್ಡೆ ಮಾತ್ರ ತೆಗೆದು, ಗಂಟು ಕಾಣಿಸಿಕೊಂಡರೆ ಆಗ ಕತ್ತಿಗೆ ಶಸ್ತ್ರಚಿಕಿತ್ಸೆ ಮಾಡುವುದೆಂದು ಕಾದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ 500 ಜನರ ವಿವರವಿತ್ತು. ಮೂರು ವರ್ಷಗಳ ಹೊತ್ತಿಗೆ ಮೊದಲ ಗುಂಪಿನಲ್ಲಿ ಬದುಕುಳಿದವರು 80%, ಕಾದ ಗುಂಪಿನಲ್ಲಿ 67.5%. ರೋಗ ಮರಳದೆ ಉಳಿದವರು 69.5% ಮತ್ತು 45.9%. ಏನೂ ಇಲ್ಲವೆಂದು ಕಂಡಿದ್ದ ಕತ್ತುಗಳಿಂದ ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುಮಾರು 30% ರೋಗಿಗಳಲ್ಲಿ ಕ್ಯಾನ್ಸರ್ ಆಗಲೇ ಹಬ್ಬಿತ್ತು. ಕಾಣುವವರೆಗೆ ಕಾಯೋಣ ಎಂಬುದು ಕೇಳಲು ವಿವೇಕದ ಮಾತು, ಕಂಡದ್ದನ್ನಷ್ಟೇ ನಂಬುವ ಪ್ರಾಮಾಣಿಕತೆಯೂ ಅದರಲ್ಲಿದೆ. ಆದರೆ ಆ ಪ್ರಾಮಾಣಿಕತೆಯ ಅಡಿಯಲ್ಲಿ ‘ಕಾಣದ್ದು ಸದ್ಯಕ್ಕೆ ಇಲ್ಲ’ ಎಂಬ ಒಂದು ಸುಳ್ಳು ನಿಶ್ಚಯ ಅಡಗಿತ್ತು. ಅದರ ಬೆಲೆ ನೂರಕ್ಕೆ ಹನ್ನೆರಡು ಹದಿಮೂರು ಜೀವ. ಜ್ಞಾನಮೀಮಾಂಸೆಯ ತಪ್ಪೊಂದು ಜನರನ್ನು ಕೊಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಹಳೆಯ ನಿಯಮಕ್ಕೆ ಬೇಕಾದ ತಿದ್ದುಪಡಿ ಏನೆಂಬುದು ಇಲ್ಲಿಂದ ಕಾಣತೊಡಗುತ್ತದೆ. ತಾರ್ಕಿಕರ ಉದಾಹರಣೆಗಳಲ್ಲಿ ಯೋಗ್ಯತೆ ಇದೆ ಅಥವಾ ಇಲ್ಲ. ಗಡಿಗೆ ಕಾಣತಕ್ಕದ್ದು, ಪಿಶಾಚಿ ಕಾಣತಕ್ಕದ್ದಲ್ಲ, ನಡುವೆ ಜಾಗವಿಲ್ಲ. ಕತ್ತಿನ ಗ್ರಂಥಿಯೊಳಗಿನ ಕ್ಯಾನ್ಸರ್ ಆ ನಡುವಿನ ಜಾಗದಲ್ಲೇ ವಾಸಿಸುತ್ತದೆ. ಒಂದು ಸಾಧನಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ, ಅದೂ ಎಲ್ಲ ಸಲ ಅಲ್ಲ. ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಬೇರೆ ಪರೀಕ್ಷೆಗಳಲ್ಲಿ ಏನೂ ಕಾಣದ ಕತ್ತುಗಳನ್ನು ಪೆಟ್-ಸಿಟಿ ಸ್ಕ್ಯಾನಿನಲ್ಲಿ ನೋಡಿ ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ತಜ್ಞರು ಚಿತ್ರವನ್ನು ಕಣ್ಣಲ್ಲಿ ನೋಡಿ ‘ಇಲ್ಲ’ ಎಂದದ್ದು ಸುಮಾರು 87% ಸಲ ನಿಜವಾಯಿತು; ಗ್ರಂಥಿ ಸೂಸುವ ವಿಕಿರಣದ ಪ್ರಮಾಣಕ್ಕೆ ಒಂದು ಮಿತಿ ಹಾಕಿಕೊಂಡು ‘ಇಲ್ಲ’ ಎಂದದ್ದು 94% ಸಲ. ಎರಡೂ ಪೂರ್ಣ ನಿಶ್ಚಯವಲ್ಲ, ಎರಡೂ ಬರಿಯ ಸಂಶಯವೂ ಅಲ್ಲ. ಕಾಣುವಿಕೆಗೂ ಇದೇ ಗತಿ. ಪೆಟ್ ಸ್ಕ್ಯಾನಿನಲ್ಲಿ ಉರಿಯುವಂತೆ ಹೊಳೆದ ಗ್ರಂಥಿ ಕ್ಷಯದಿಂದಲೋ ಬರಿಯ ಸೋಂಕಿನಿಂದಲೋ ಹೊಳೆದಿರಬಹುದು. ಚಿಪ್ಪನ್ನು ಬೆಳ್ಳಿ ಎಂದುಕೊಂಡ ಭ್ರಮೆಯ ಆಸ್ಪತ್ರೆಯ ರೂಪ ಅದು. ಆದ್ದರಿಂದ ಯೋಗ್ಯತೆಯನ್ನು ಅಳತೆಯುಳ್ಳದ್ದೆಂದು ತಿಳಿಯಬೇಕು. ಇಂಥ ಗಾತ್ರದ ವಸ್ತು, ಇಂಥ ಜಾಗದಲ್ಲಿದ್ದರೆ, ಇಂಥ ಸಾಧನಕ್ಕೆ, ನೂರಕ್ಕೆ ಇಷ್ಟು ಸಲ ಕಾಣುತ್ತದೆ ಎಂದು ಹೇಳಲು ಬಂದಷ್ಟೂ ‘ಕಾಣಲಿಲ್ಲ’ ಎಂಬುದಕ್ಕೆ ತೂಕ ಬರುತ್ತದೆ. ಅಭಾವದ ಜ್ಞಾನ ಹಂತಹಂತವಾಗಿ ಬಲಗೊಳ್ಳುವ ಜ್ಞಾನ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಕಾಣದ್ದೆಲ್ಲ ಇರಬಹುದು ಎನ್ನುತ್ತ ಹೋದರೆ ಸಂಶಯಕ್ಕೆ ಕೊನೆಯೆಲ್ಲಿ? ಪ್ರತಿಯೊಬ್ಬರ ಕತ್ತನ್ನೂ ಕೊಯ್ಯಬೇಕೇ? ಇತಿಹಾಸದಲ್ಲಿ ಈ ಭಯಕ್ಕೆ ಆಧಾರವಿದೆ. 1906ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಕ್ರೈಲ್ 132 ಶಸ್ತ್ರಚಿಕಿತ್ಸೆಗಳ ಅನುಭವವನ್ನು ಪ್ರಕಟಿಸಿ, ಕತ್ತಿನ ಗ್ರಂಥಿಗಳನ್ನು ಸುತ್ತಲಿನ ಅಂಗಾಂಶದ ಸಮೇತ ಒಟ್ಟಾಗಿ ತೆಗೆಯುವ ಪದ್ಧತಿಗೆ ತಳಹದಿ ಹಾಕಿದ. ಆ ಪದ್ಧತಿ ಬೇರೂರಿದ ಮೇಲೆ ಕತ್ತಿನ ದೊಡ್ಡ ಸ್ನಾಯು, ದೊಡ್ಡ ರಕ್ತನಾಳ, ಭುಜವನ್ನೆತ್ತುವ ನರ ಎಲ್ಲವೂ ಗ್ರಂಥಿಗಳ ಜೊತೆ ಹೋದವು. ಬದುಕಿದವರ ಭುಜ ಜೋತುಬಿದ್ದು, ತೋಳು ತಲೆಯ ಮೇಲಕ್ಕೆ ಏಳದಾಯಿತು. ಅರ್ಜೆಂಟೀನಾದ ಓಸ್ವಾಲ್ಡೊ ಸ್ವಾರೆಸ್ 1963ರಲ್ಲಿ ನರ, ಸ್ನಾಯು, ರಕ್ತನಾಳಗಳನ್ನು ಉಳಿಸಿ ಗ್ರಂಥಿಗಳನ್ನಷ್ಟೇ ಬಿಡಿಸುವ ಕ್ರಮವನ್ನು ವಿವರಿಸಿದ ಮೇಲೆ ಹಾನಿ ತಗ್ಗಿತು, ಪೂರ್ತಿ ಹೋಗಲಿಲ್ಲ. ಅನಂತ ಸಂಶಯದ ಈ ಸಮಸ್ಯೆಗೆ ನೈಯಾಯಿಕ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಒಂದು ಎಲ್ಲೆ ಹಾಕಿದ್ದಾನೆ. ಸಂಶಯ ನಮ್ಮದೇ ನಡೆಗೆ ವಿರುದ್ಧವಾಗುವ ಕಡೆ ಅದು ನಿಲ್ಲಬೇಕು. ಹೊಗೆ ಬೇಕೆಂದಾಗ ಬೆಂಕಿಯನ್ನೇ ಹೊತ್ತಿಸುವವನು ಬೆಂಕಿಗೂ ಹೊಗೆಗೂ ನಂಟಿದೆಯೋ ಇಲ್ಲವೋ ಎಂದು ಶಂಕಿಸುವುದು ಬಾಯಿಮಾತು ಮಾತ್ರ. ಈ ಎಲ್ಲೆಯನ್ನು ಕತ್ತಿಗೆ ಅನ್ವಯಿಸಿದರೆ, ಶಸ್ತ್ರ ಹಿಡಿಯಲು ‘ಇರಬಹುದು’ ಎಂಬ ಮಾತು ಸಾಲದು. ಎಷ್ಟರಮಟ್ಟಿಗೆ ಇರಬಹುದು ಎಂಬುದಕ್ಕೆ ಆಧಾರ ಬೇಕು. 1994ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಲೆಕ್ಕಾಚಾರ ಅಂಥ ಒಂದು ಗೆರೆ ಎಳೆಯಿತು: ಅಡಗಿರುವ ರೋಗದ ಸಾಧ್ಯತೆ 20% ದಾಟಿದರೆ ಕತ್ತಿಗೂ ಚಿಕಿತ್ಸೆ, ಅದರ ಕೆಳಗಿದ್ದರೆ ಕಾಯುವುದು. ನಾಲಗೆಯ ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರಿಂದ ಆ ಸಾಧ್ಯತೆಯನ್ನು ಇಂದು ಅಂದಾಜಿಸುತ್ತಾರೆ. ಹೀಗೆ ಆಧಾರ ಕೇಳುವ ಸಂಶಯಕ್ಕೆ ಕೊನೆ ಇದೆ.

ಆದರೆ ಆ 20% ಪ್ರಕೃತಿಯಲ್ಲಿ ಬರೆದಿಟ್ಟ ಸಂಖ್ಯೆ ಅಲ್ಲ ಎಂಬುದನ್ನು ಮರೆಯಬಾರದು. ಒಂದು ಕಡೆ ಭುಜದ ನೋವು, ಇನ್ನೊಂದು ಕಡೆ ಜೀವ; ಎರಡನ್ನೂ ತಕ್ಕಡಿಗೆ ಹಾಕಿ ಯಾರೋ ತೂಗಿದ ಮೇಲೆ ಹುಟ್ಟಿದ ಸಂಖ್ಯೆ ಅದು. ಎರಡನೆಯ ಆಕ್ಷೇಪ ಇಲ್ಲಿಂದಲೇ ಏಳುತ್ತದೆ. ಮುಂಬೈಯ ಅಂಕಿಗಳ ಪ್ರಕಾರ ಕತ್ತಿಗೆ ಶಸ್ತ್ರಚಿಕಿತ್ಸೆಯಾದ ನೂರರಲ್ಲಿ ಸುಮಾರು 70 ಜನರ ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಎಂಟು ಜನರಿಗೆ ಮಾಡಿದರೆ ಒಂದು ಸಾವು ತಪ್ಪುತ್ತದೆ. ಹಾಗಾದರೆ ಒಬ್ಬನಿಗಾಗಿ ಏಳು ಜನರ ಮೈಮೇಲೆ ಕತ್ತಿಯಾಡಿಸಿದಂತಾಯಿತಲ್ಲ? ಅಹಿಂಸೆಯನ್ನು ಮೊದಲ ಧರ್ಮವಾಗಿ ಕಲಿಸಿದ ನೆಲದಲ್ಲಿ ಇದು ಹಗುರವಾದ ಪ್ರಶ್ನೆಯಲ್ಲ. ಆದರೆ ಇದರಲ್ಲಿ ಒಂದು ಮರೆಮೋಸ ಇದೆ. ಏಳು ಜನ ಯಾರು, ಎಂಟನೆಯವರು ಯಾರು ಎಂಬುದು ಮೊದಲೇ ತಿಳಿದಿದ್ದೂ ಏಳು ಜನರನ್ನು ಬಲಿಕೊಟ್ಟಿದ್ದರೆ ಅದು ಹಿಂಸೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಎಂಟೂ ಜನ ನಿಂತಿರುವುದು ಒಂದೇ ಕತ್ತಲಲ್ಲಿ. ಅವರಲ್ಲಿ ಪ್ರತಿಯೊಬ್ಬರೂ ತಮಗಾಗಿಯೇ ಈ ಲೆಕ್ಕ ಹಾಕಿಕೊಳ್ಳುತ್ತಾರೆ, ಇನ್ನೊಬ್ಬರಿಗಾಗಿ ಅಲ್ಲ. ಒಂದು ಕೃತ್ಯದ ಸರಿತಪ್ಪನ್ನು ಅದನ್ನು ಮಾಡುವ ಹೊತ್ತಿಗೆ ತಿಳಿಯಬಹುದಾಗಿದ್ದ ಸಂಗತಿಗಳಿಂದ ಅಳೆಯಬೇಕು. ಆಮೇಲೆ ರೋಗಶಾಸ್ತ್ರಜ್ಞರ ವರದಿಯಲ್ಲಿ ಬಂದ ಸೊನ್ನೆಯಿಂದ ಹಿಂದಕ್ಕೆ ಹೋಗಿ ‘ಸುಮ್ಮನೆ ಕೊಯ್ದರು’ ಎನ್ನುವುದು ನ್ಯಾಯವಲ್ಲ. ಆದರೆ ಈ ಉತ್ತರ ನಿಲ್ಲಬೇಕಾದರೆ ಲೆಕ್ಕ ರೋಗಿಯದೇ ಆಗಿರಬೇಕು. ಗೋಡೆಗೆ ಸುಣ್ಣ ಬಳಿದು ಬದುಕುವವರಿಗೆ ತೋಳು ಎತ್ತಲಾಗದಿರುವುದು ಸಣ್ಣ ನಷ್ಟವಲ್ಲ. ಅವರ ಪಾಲಿಗೆ ಗೆರೆ 20%ರ ಮೇಲೆಯೂ ಹೋಗಬಹುದು, ಮೂರು ಚಿಕ್ಕ ಮಕ್ಕಳ ತಾಯಿಯ ಪಾಲಿಗೆ ಕೆಳಗೂ ಬರಬಹುದು. ಸಾಧ್ಯತೆ ಎಷ್ಟು ಎಂದು ಹೇಳುವುದು ವೈದ್ಯರ ಕೆಲಸ. ಅದಕ್ಕೆ ಎಷ್ಟು ಬೆಲೆ ಎಂದು ಹೇಳುವ ಹಕ್ಕು ಕತ್ತಿನ ಒಡೆಯರದು.

ಮೂರನೆಯ ಆಕ್ಷೇಪ ತಂತ್ರಜ್ಞಾನವನ್ನು ನೆಚ್ಚಿದವರದು. ಇಂದಲ್ಲ ನಾಳೆ ಒಂದೊಂದು ಕೋಶವನ್ನೂ ತೋರಿಸುವ ಯಂತ್ರ ಬಂದರೆ ಈ ಚರ್ಚೆಯೇ ಬೇಕಾಗುವುದಿಲ್ಲ ಎನ್ನುತ್ತಾರೆ ಅವರು. ಯಂತ್ರಗಳು ಮಿತಿಯನ್ನು ಕೆಳಕ್ಕೆ ಸರಿಸುತ್ತವೆ, ಮಿತಿ ಎಂಬುದನ್ನೇ ತೆಗೆದುಹಾಕುವುದಿಲ್ಲ. ಇದುವರೆಗಿನ ದೊಡ್ಡ ಮುನ್ನಡೆಗಳಲ್ಲಿ ಒಂದು ಬಂದದ್ದು ಕಣ್ಣನ್ನು ಹರಿತಗೊಳಿಸಿದ್ದರಿಂದಲ್ಲ, ಎಲ್ಲಿ ನೋಡಬೇಕೆಂದು ಊಹಿಸಿದ್ದರಿಂದ. ಗಡ್ಡೆಯ ಸುತ್ತ ವಿಕಿರಣ ಸೂಸುವ ದ್ರವವನ್ನು ಚುಚ್ಚಿದರೆ ಅದು ದುಗ್ಧರಸದ ದಾರಿ ಹಿಡಿದು ಮೊದಲು ಸೇರುವ ಒಂದೆರಡು ಗ್ರಂಥಿಗಳು ಗೊತ್ತಾಗುತ್ತವೆ. ಅವೇ ಕಾವಲು ಗ್ರಂಥಿಗಳು. ರೋಗ ಹಬ್ಬಿದ್ದರೆ ಮೊದಲು ಅಲ್ಲಿಗೇ ಹೋಗಿರಬೇಕು ಎಂಬ ಅನುಮಾನದ ಮೇಲೆ ಅವನ್ನಷ್ಟೇ ತೆಗೆದು, ತೆಳುವಾದ ಪದರಗಳಾಗಿ ಸೀಳಿ, ಕ್ಯಾನ್ಸರ್ ಕೋಶಗಳನ್ನು ಎತ್ತಿ ತೋರಿಸುವ ಬಣ್ಣ ಹಾಕಿ ನೋಡುತ್ತಾರೆ. ಅಲ್ಲಿ ಇಲ್ಲವಾದರೆ ಕತ್ತನ್ನು ಹಾಗೇ ಬಿಡುತ್ತಾರೆ. ಫ್ರಾನ್ಸಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಮಾಡಿದವರಲ್ಲೂ ಗ್ರಂಥಿಗಳನ್ನೆಲ್ಲ ತೆಗೆದವರಲ್ಲೂ ಎರಡು ವರ್ಷಗಳ ಹೊತ್ತಿಗೆ ಕತ್ತಿನಲ್ಲಿ ರೋಗ ಮರಳದೆ ಉಳಿದವರು ಸುಮಾರು 90%. ಮರುವರ್ಷ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ ಮೂರು ವರ್ಷ ಬದುಕುಳಿದವರು 87.9% ಮತ್ತು 86.6%. ದರ್ಶನದ ಭಾಷೆಯಲ್ಲಿ ಹೇಳಿದರೆ, ಇಲ್ಲಿ ಅನುಮಾನವು ಪ್ರತ್ಯಕ್ಷಕ್ಕೆ ಯೋಗ್ಯತೆಯನ್ನು ದೊರಕಿಸಿಕೊಟ್ಟಿದೆ. ನೂರಾರು ಗ್ರಂಥಿಗಳನ್ನು ದೂರದಿಂದ ನೋಡಿ ‘ಇಲ್ಲ’ ಎಂದದ್ದಕ್ಕಿಂತ, ಸರಿಯಾದ ಎರಡನ್ನು ಆರಿಸಿ ಪದರಪದರವಾಗಿ ನೋಡಿ ‘ಇಲ್ಲ’ ಎಂದದ್ದಕ್ಕೆ ಹೆಚ್ಚು ಅಧಿಕಾರ ಬಂತು. ಅಭಾವವೆಂದರೆ ಖಾಲಿ ನೆಲದ ಜ್ಞಾನವಷ್ಟೇ, ಬೇರೇನಿಲ್ಲ ಎಂದು ವಾದಿಸಿದ, ಮೀಮಾಂಸೆಯ ಇನ್ನೊಂದು ಶಾಖೆಯ ಪ್ರಾಭಾಕರರಿಗೂ ಇಲ್ಲಿ ಉತ್ತರವಿದೆ. ಎರಡೂ ಕಡೆ ಕಂಡದ್ದು ಖಾಲಿಯೇ. ಹುಡುಕಿದ ಬಗೆ ಬೇರೆಯಾದ್ದರಿಂದ ತಿಳಿದದ್ದು ಬೇರೆಯಾಯಿತು.

ಇನ್ನೊಂದು ಆಕ್ಷೇಪವನ್ನು ಕನ್ನಡ ನಾಡಿನ ಜೈನ ಪರಂಪರೆ ಆದರದಿಂದ ನೆನೆಯುವ, 8ನೆಯ ಶತಮಾನದ ತಾರ್ಕಿಕ ಅಕಲಂಕನ ಕಡೆಯಿಂದ ಎತ್ತಬಹುದು. ಸ್ವಭಾವತಃ ಕಾಣದ ವಸ್ತುವಿನ ಅಭಾವವನ್ನೂ ನಾವು ತಿಳಿಯುತ್ತೇವೆ ಎಂದು ಅವನು ಬೌದ್ಧರಿಗೆ ಎದುರಾಡಿದ. ಇನ್ನೊಬ್ಬರ ಚೈತನ್ಯ ಎಂದಿಗೂ ಕಣ್ಣಿಗೆ ಕಾಣದು, ಆದರೂ ಹೆಣದಲ್ಲಿ ಅದು ಇಲ್ಲವೆಂದು ನಿಶ್ಚಯಿಸಿಯೇ ಸಂಸ್ಕಾರ ಮಾಡುತ್ತೇವೆ, ಏಕೆಂದರೆ ಅದರ ಗುರುತುಗಳಾದ ಉಸಿರು, ಚಲನೆ, ಮಾತು ನಿಂತಿವೆ. ವಸ್ತು ಕಾಣದಿದ್ದರೂ ಅದರ ಕಾರ್ಯ ಕಾಣತಕ್ಕದ್ದಾದರೆ ಸಾಕು. ಹಾಗಾದರೆ ಕಾದು ನೋಡುವುದರಲ್ಲಿ ತಪ್ಪೇನು? ತಪ್ಪಿಲ್ಲ, ಕಾರ್ಯ ಹೊರಬರುವ ಹೊತ್ತಿಗೆ ಪರಿಹಾರಕ್ಕೆ ಇನ್ನೂ ಅವಕಾಶ ಇರುವುದಾದರೆ. ಬ್ರಿಟನ್ನಿನಲ್ಲಿ 564 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ಗ್ರಂಥಿಗಳಿಗೆ ರೋಗ ಆಗಲೇ ಹಬ್ಬಿದ್ದ ಆ ರೋಗಿಗಳಿಗೆ ಕಿಮೋ ಮತ್ತು ವಿಕಿರಣ ಚಿಕಿತ್ಸೆ ಕೊಟ್ಟು, ಒಂದು ಗುಂಪಿಗೆ ಕತ್ತಿನ ಶಸ್ತ್ರಚಿಕಿತ್ಸೆಯನ್ನು ಮೊದಲೇ ನಿಗದಿಮಾಡಿದರು, ಇನ್ನೊಂದು ಗುಂಪಿಗೆ 12 ವಾರಗಳ ಬಳಿಕ ಪೆಟ್-ಸಿಟಿ ಮಾಡಿ ರೋಗ ಉಳಿದಂತೆ ಕಂಡವರಿಗೆ ಮಾತ್ರ ಮಾಡಿದರು. ಮೊದಲ ಗುಂಪಿನಲ್ಲಿ 221 ಶಸ್ತ್ರಚಿಕಿತ್ಸೆಗಳಾದರೆ ಎರಡನೆಯದರಲ್ಲಿ 54. ಎರಡು ವರ್ಷ ಬದುಕುಳಿದವರು ಮಾತ್ರ 81.5% ಮತ್ತು 84.9%, ಕಾದದ್ದರಿಂದ ನಷ್ಟವಾಗಲಿಲ್ಲ. ಅಲ್ಲಿ ರೋಗಕ್ಕೆ ಚಿಕಿತ್ಸೆ ಆಗಲೇ ಸಿಕ್ಕಿತ್ತು, ಸಾಧನ ಸೂಕ್ಷ್ಮವಾಗಿತ್ತು, ನೋಡುವ ಸಮಯವನ್ನು ಲೆಕ್ಕ ಹಾಕಿ ಆರಿಸಿದ್ದರು. ಮುಂಬೈಯಲ್ಲಿ ಗುರುತು ಕಾಣಿಸುವ ಹೊತ್ತಿಗೆ ಎಷ್ಟೋ ಜನರಲ್ಲಿ ರೋಗ ಗ್ರಂಥಿಯ ಗೋಡೆ ಒಡೆದು ಹೊರಬಂದಿತ್ತು. ಒಂದೇ ‘ಕಾಣಲಿಲ್ಲ’ ಒಂದೆಡೆ ನಂಬಿಕೆಗೆ ಅರ್ಹವಾಯಿತು, ಇನ್ನೊಂದೆಡೆ ಆಗಲಿಲ್ಲ. ಯೋಗ್ಯತೆಗೆ ಅಳತೆ ಇದೆ ಎಂಬ ತಿದ್ದುಪಡಿಗೆ ಈ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಕೊನೆಯ ಆಕ್ಷೇಪ ಧರ್ಮದ ಕ್ಷೇತ್ರದಿಂದ ಬರುತ್ತದೆ, ಎರಡು ದಿಕ್ಕುಗಳಿಂದ. ಕಾಣದ್ದೂ ಇರಬಹುದು ಎಂದು ಒಪ್ಪಿದರೆ ದೇವರು, ದೆವ್ವ, ಪುನರ್ಜನ್ಮ ಎಲ್ಲಕ್ಕೂ ಬಾಗಿಲು ತೆರೆದಂತಾಗಲಿಲ್ಲವೇ ಎಂದು ನಾಸ್ತಿಕರು ಕೇಳಬಹುದು. ಚರಕ ಈ ವಾದವನ್ನು ಪರಲೋಕದ ಪರವಾಗಿಯೇ ಬಳಸಿದ್ದ. ಉದಯನನೂ ದೇವರು ಕಾಣತಕ್ಕ ವಸ್ತುವಲ್ಲವಾದ್ದರಿಂದ ಕಾಣದಿರುವಿಕೆ ಅವನನ್ನು ಅಲ್ಲಗಳೆಯಲಾರದು ಎಂದ. ಕಂಡದ್ದನ್ನೇ ನಂಬುವ ಚಾರ್ವಾಕ ಮನೆಯಿಂದ ಹೊರಬಿದ್ದೊಡನೆ ಹೆಂಡತಿ ಮಕ್ಕಳು ಕಾಣದೆ ಅವರಿಲ್ಲವೆಂದು ಎದೆ ಬಡಿದುಕೊಂಡು ಅಳಬೇಕಾದೀತು ಎಂದು ಅವನು ಗೇಲಿ ಮಾಡುತ್ತಾನೆ. ಆದರೆ ಅಲ್ಲಗಳೆಯಲಾಗದ್ದು ಅಷ್ಟರಿಂದಲೇ ಸಿದ್ಧವಾಗುವುದಿಲ್ಲ ಎಂಬುದು ಉದಯನನಿಗೂ ಗೊತ್ತಿತ್ತು, ಅದಕ್ಕೇ ಗ್ರಂಥದ ಕೊನೆಯ ಭಾಗದಲ್ಲಿ ಬೇರೆ ಸಾಧಕ ಯುಕ್ತಿಗಳನ್ನು ಕೊಟ್ಟ. ಅಡಗಿರುವ ಕ್ಯಾನ್ಸರಿಗೆ ಅಂಥ ಸಾಧಕ ಸಾಕ್ಷ್ಯವಿದೆ: ಗ್ರಂಥಿ ತೆಗೆದ ಕತ್ತುಗಳಲ್ಲಿ ನೂರಕ್ಕೆ ಇಷ್ಟು ಎಂದು ಎಣಿಸಿದ್ದಾರೆ, ಕಾಲ ಕಳೆದರೆ ಅದು ಹೊರಬರುತ್ತದೆ, ಸೂಕ್ಷ್ಮದರ್ಶಕದಡಿ ಯಾರಿಗೂ ತೋರಿಸಬಹುದು. ಇಂಥ ಜಾಮೀನು ಇಲ್ಲದ ಅದೃಶ್ಯಕ್ಕೆ ಈ ವಾದ ಆಸರೆಯಾಗದು, ಅದನ್ನು ತಳ್ಳಿಹಾಕುವುದೂ ಇಲ್ಲ. ನಂಬಿಕೆ ನಿಲ್ಲುವುದಾದರೆ ಬೇರೆ ನೆಲೆಯ ಮೇಲೆ ನಿಲ್ಲಲಿ. ಇನ್ನು ಆಸ್ತಿಕರ ಕಡೆಯ ಮಾತು: ಹಣೆಯಲ್ಲಿ ಬರೆದದ್ದು ಆಗುತ್ತದೆ, ಹುಡುಕಿ ಏನು ಫಲ? ಇದಕ್ಕೂ ಚರಕ ಸಂಹಿತೆಯೇ ಉತ್ತರಿಸುತ್ತದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಆಯುಸ್ಸು ದೈವ ಮತ್ತು ಪುರುಷಪ್ರಯತ್ನ ಎರಡರ ಮೇಲೂ ನಿಂತಿದೆ, ಎಲ್ಲರ ಆಯುಸ್ಸೂ ಮೊದಲೇ ನಿಗದಿಯಾಗಿದ್ದರೆ ಔಷಧಕ್ಕೂ ಶಾಂತಿಗೂ ಅರ್ಥವೇ ಇರುತ್ತಿರಲಿಲ್ಲ ಎಂಬ ವಾದವಿದೆ. ಮುಂಬೈಯ ಎರಡು ಗುಂಪುಗಳನ್ನು ಬೇರ್ಪಡಿಸಿದ್ದು ಚೀಟಿ ಎತ್ತುವಂಥ ಆಕಸ್ಮಿಕ, ಹಣೆಬರಹ ಹೆಚ್ಚುಕಡಿಮೆ ಮಾಡಿಕೊಂಡು ಯಾರೂ ಯಾವ ಗುಂಪಿಗೂ ಬಂದಿರಲಿಲ್ಲ. ಆದರೂ ಉಳಿದವರ ಸಂಖ್ಯೆ ಬೇರೆಯಾಯಿತು. ಆ ವ್ಯತ್ಯಾಸ ಪ್ರಯತ್ನದ ಪಾಲು.

ಆದುದರಿಂದ ‘ಎನ್ ಝೀರೋ’ ಎಂಬುದನ್ನು ಆರೋಗ್ಯದ ಪ್ರಮಾಣಪತ್ರವಾಗಿ ಓದುವುದು ತಪ್ಪು, ಅಡಗಿದ ಮರಣದ ಸೂಚನೆಯಾಗಿ ಓದುವುದೂ ತಪ್ಪು. ಇಂಥ ಸಾಧನದಿಂದ ಇಂಥ ಗಾತ್ರದವರೆಗೆ ಹುಡುಕಿದೆವು, ಸಿಗಲಿಲ್ಲ, ಅದರ ಕೆಳಗಿನದರ ಬಗ್ಗೆ ಸಂಶಯ ಇಷ್ಟು ಎಂಬುದೇ ಅದರ ಪ್ರಾಮಾಣಿಕ ಅರ್ಥ. ಸಂಶಯವನ್ನು ಅಳೆದು ಹೇಳುವುದು ವೈದ್ಯರಿಗೆ ಅವಮಾನವಲ್ಲ. ತಿಳಿದದ್ದೆಷ್ಟು ಎಂದು ತಿಳಿದವರು ಮಾತ್ರ ಅದನ್ನು ಹೇಳಬಲ್ಲರು. ಓದುಗರು ತಮಗಾಗಲಿ ತಮ್ಮವರಿಗಾಗಲಿ ‘ಏನೂ ಕಾಣಲಿಲ್ಲ’ ಎಂಬ ವರದಿ ಕೈಗೆ ಬಂದ ದಿನ ಮೂರು ಪ್ರಶ್ನೆಗಳನ್ನು ಕೇಳಲಿ: ಯಾವುದರಿಂದ ನೋಡಿದಿರಿ, ಎಷ್ಟು ದೊಡ್ಡದಿದ್ದರೆ ಕಾಣುತ್ತಿತ್ತು, ಕಾಣದೆ ಉಳಿದಿರುವ ಸಾಧ್ಯತೆ ನೂರಕ್ಕೆ ಎಷ್ಟು. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ತೆಗೆದುಕೊಂಡ ತೀರ್ಮಾನ, ಅದು ಕತ್ತನ್ನು ಕೊಯ್ಯುವುದಾಗಲಿ ಕಾಯುವುದಾಗಲಿ, ತಿಳಿದು ತೆಗೆದುಕೊಂಡ ತೀರ್ಮಾನವಾಗುತ್ತದೆ.